ಎಲ್‌ಜಿಬಿಟಿ ಇತಿಹಾಸ ಮಾಸ: ಸಿಲಬಸ್‌ನಲ್ಲಿ ಇಲ್ಲದ ಪಾಠ

ಗೆಳೆಯರೇ, ಒಂದು ಸಣ್ಣ ಕ್ವಿಜ್‌ನಿಂದ ಶುರು ಮಾಡೋಣ.

ಒಂದು: ಟ್ಯೂರಿಂಗ್ ಮಷಿನ್ ಅಂದ್ರೆ ಏನು? ಎರಡು: ಆ ಅಲನ್ ಟ್ಯೂರಿಂಗ್ 41ನೇ ವಯಸ್ಸಿಗೇ ತೀರಿಹೋದದ್ದು ಹೇಗೆ? ಮೂರು: ವಿಎಲ್‌ಎಸ್‌ಐನಲ್ಲಿ ಬರೋ ಮೀಡ್-ಕಾನ್ವೇ ವಿಧಾನದ ಕಾನ್ವೇ ಯಾರು, ಅವರನ್ನ ಐಬಿಎಂ 1968ರಲ್ಲಿ ಕೆಲಸದಿಂದ ತೆಗೆದದ್ದು ಯಾಕೆ?

ಮೊದಲನೇ ಪ್ರಶ್ನೆಗೆ ಸಿಎಸ್‌ನ ಯಾವ ಸೀನಿಯರ್ ಆದ್ರೂ ಟೇಪು, ಹೆಡ್ಡು, ಸ್ಟೇಟು ಎಲ್ಲ ಬಿಡಿಸಿ ಉತ್ತರ ಬರೀತಾರೆ. ಹತ್ತು ಮಾರ್ಕ್ಸ್ ಗ್ಯಾರಂಟಿ. ಉಳಿದ ಎರಡು ಪ್ರಶ್ನೆಗಳಿಗೆ ನಮ್ಮ ಯಾವ ಮಾಡ್ಯೂಲ್‌ನಲ್ಲೂ ಜಾಗ ಇಲ್ಲ. ಆ ಜಾಗ ಯಾಕೆ ಖಾಲಿ ಇದೆ ಅಂತ ಕೇಳೋಕೆ ಅಂತಲೇ ಜಗತ್ತಿನ ಕೆಲವು ದೇಶಗಳಲ್ಲಿ ವರ್ಷಕ್ಕೊಂದು ತಿಂಗಳು ಮೀಸಲಿಟ್ಟಿದ್ದಾರೆ. ಅದರ ಹೆಸರು ಎಲ್‌ಜಿಬಿಟಿ ಇತಿಹಾಸ ಮಾಸ. ಅಮೆರಿಕದಲ್ಲಿ ಅಕ್ಟೋಬರ್, ಬ್ರಿಟನ್‌ನಲ್ಲಿ ಫೆಬ್ರವರಿ, ಬರ್ಲಿನ್‌ನಲ್ಲಿ ಮೇ. ಇದು ಹೇಗೆ ಹುಟ್ಟಿತು, ಒಂದೊಂದು ಕಡೆ ಒಂದೊಂದು ತಿಂಗಳಾಗೋಕೆ ಕಾರಣ ಏನು, ಎಂಜಿನಿಯರಿಂಗ್ ಓದೋ ನಮಗೂ ಇದಕ್ಕೂ ಏನು ಸಂಬಂಧ, ಇದಿಷ್ಟನ್ನ ಈ ಲೇಖನದಲ್ಲಿ ನೋಡೋಣ.

ಮೊದಲು ಕೆಲವು ಪದಗಳು

ಲೆಸ್ಬಿಯನ್, ಗೇ, ಬೈಸೆಕ್ಷುಯಲ್, ಟ್ರಾನ್ಸ್‌ಜೆಂಡರ್ ಅನ್ನೋ ನಾಲ್ಕು ಪದಗಳ ಮೊದಲ ಅಕ್ಷರಗಳು ಸೇರಿ ಎಲ್‌ಜಿಬಿಟಿ. ಮೊದಲ ಮೂರು ಪದಗಳು ಒಬ್ಬ ವ್ಯಕ್ತಿಗೆ ಯಾರ ಮೇಲೆ ಪ್ರೀತಿ, ಆಕರ್ಷಣೆ ಹುಟ್ಟುತ್ತೆ ಅನ್ನೋದರ ಬಗ್ಗೆ. ನಾಲ್ಕನೇದು ಆ ವ್ಯಕ್ತಿ ತನ್ನನ್ನ ತಾನು ಹೆಣ್ಣು ಅಂತ ತಿಳಿತಾರಾ, ಗಂಡು ಅಂತ ತಿಳಿತಾರಾ, ಅಥವಾ ಬೇರೆಯಾಗಿ ತಿಳಿತಾರಾ ಅನ್ನೋದರ ಬಗ್ಗೆ. ಇವೆರಡೂ ಬೇರೆ ಬೇರೆ ವೇರಿಯಬಲ್‌ಗಳು. ಒಂದರ ವ್ಯಾಲ್ಯೂ ನೋಡಿ ಇನ್ನೊಂದನ್ನ ಹೇಳೋಕಾಗಲ್ಲ.

ಕನ್ನಡ ಪತ್ರಿಕೆಗಳಲ್ಲಿ 'ಲೈಂಗಿಕ ಅಲ್ಪಸಂಖ್ಯಾತರು', 'ಲಿಂಗತ್ವ ಅಲ್ಪಸಂಖ್ಯಾತರು' ಅನ್ನೋ ಪದಗಳು ಬರುತ್ತವೆ. ಪದಗಳು ಸ್ವಲ್ಪ ಭಾರ, ಆದರೆ ಮರ್ಯಾದೆ ಇರೋ ಪದಗಳು. ಹಾಸ್ಟೆಲ್ ಕಾರಿಡಾರ್‌ನಲ್ಲಿ ಇದೇ ವಿಷಯಕ್ಕೆ ಯಾವ ಪದಗಳನ್ನ ಬಳಸ್ತಾರೆ ಅಂತ ನಿಮಗೂ ಗೊತ್ತು. ಇಂಗ್ಲಿಷ್‌ನಲ್ಲಿ ಬೇಕಾದಷ್ಟು ಓದೋಕೆ ಸಿಗೋ ವಿಷಯವನ್ನ ಕನ್ನಡ ಸಂಘದ ಪತ್ರಿಕೆಯಲ್ಲಿ ಯಾಕೆ ಬರೀಬೇಕು ಅಂತ ಯಾರಾದ್ರೂ ಕೇಳಿದ್ರೆ ಉತ್ತರ ಇದೇ. ನಮ್ಮ ಭಾಷೆಯಲ್ಲಿ ಈ ವಿಷಯ ಬರೀ ಬೈಗುಳವಾಗಿ ಉಳೀಬಾರದು.

ಶುರುವಾದದ್ದು ಒಂದು ಕ್ಲಾಸ್‌ರೂಮ್‌ನಲ್ಲಿ

ಈ ಮಾಸವನ್ನ ಶುರು ಮಾಡಿದ್ದು ಸರ್ಕಾರವೂ ಅಲ್ಲ, ದೊಡ್ಡ ಸಂಸ್ಥೆಯೂ ಅಲ್ಲ. ಅಮೆರಿಕದ ಮಿಸ್ಸೌರಿ ರಾಜ್ಯದ ಸೇಂಟ್ ಲೂಯಿಸ್ ಹತ್ತಿರ ಮೆಲ್‌ವಿಲ್ ಹೈಸ್ಕೂಲ್‌ನಲ್ಲಿ ಇತಿಹಾಸ ಪಾಠ ಮಾಡ್ತಿದ್ದ ರಾಡ್ನಿ ವಿಲ್ಸನ್ ಅನ್ನೋ ಮೇಷ್ಟ್ರು.

1994ರ ಮಾರ್ಚ್. ಹಿಟ್ಲರ್ ಕಾಲದ ನರಮೇಧದ ಬಗ್ಗೆ ಪಾಠ ನಡೀತಾ ಇತ್ತು. ವಿಲ್ಸನ್ ಒಂದು ಪೋಸ್ಟರ್ ತೋರಿಸಿದ್ರು. ನಾಜಿ ಕ್ಯಾಂಪ್‌ಗಳಲ್ಲಿ ಕೈದಿಗಳ ಬಟ್ಟೆಗೆ ಹೊಲೀತಿದ್ದ ಗುರುತುಗಳ ಚಿತ್ರ ಅದು. ಯಹೂದಿಗಳಿಗೆ ಹಳದಿ ನಕ್ಷತ್ರ, ರಾಜಕೀಯ ಕೈದಿಗಳಿಗೆ ಕೆಂಪು ತ್ರಿಕೋನ, ಸಲಿಂಗಿ ಗಂಡಸರಿಗೆ ಗುಲಾಬಿ ತ್ರಿಕೋನ. ಆ ಕಾಲದಲ್ಲಿ ನಾನು ಅಲ್ಲಿ ಇದ್ದಿದ್ರೆ ನನಗೂ ಈ ಗುಲಾಬಿ ತ್ರಿಕೋನವನ್ನೇ ತೊಡಿಸ್ತಿದ್ರು ಅಂತ ಅವರು ವಿದ್ಯಾರ್ಥಿಗಳ ಮುಂದೆ ಹೇಳಿದ್ರು.

ಇವತ್ತು ಕೇಳಿದ್ರೆ ಇದೇನು ಮಹಾ ಅನ್ನಿಸಬಹುದು. ಆದರೆ ಅಮೆರಿಕದ ಹಲವು ರಾಜ್ಯಗಳಲ್ಲಿ ಆಗ ಸಲಿಂಗ ಸಂಬಂಧ ಕಾನೂನಿನ ಪ್ರಕಾರ ಅಪರಾಧ. ಅಲ್ಲಿನ ಸುಪ್ರೀಂ ಕೋರ್ಟ್ ಅಂಥ ಕಾನೂನುಗಳನ್ನೆಲ್ಲ ರದ್ದು ಮಾಡಿದ್ದು 2003ರಲ್ಲಿ. ಅಂದ್ರೆ ವಿಲ್ಸನ್ ಆ ದಿನ ಪಣಕ್ಕಿಟ್ಟದ್ದು ತಮ್ಮ ನೌಕರಿಯನ್ನ.

ಆಮೇಲೆ ಅವರು ಯೋಚಿಸಿದ್ದು ಒಬ್ಬ ಮೇಷ್ಟ್ರ ಥರಾನೇ. ಕಪ್ಪು ಜನರ ಇತಿಹಾಸ ಪಠ್ಯದಲ್ಲಿ ಇಲ್ಲ ಅಂತ ಕಾರ್ಟರ್ ವುಡ್‌ಸನ್ ಅನ್ನೋ ಇತಿಹಾಸಕಾರರು 1926ರಲ್ಲಿ ಒಂದು ವಾರದ ಆಚರಣೆ ಶುರು ಮಾಡಿದ್ರು. ಅದೇ ಬೆಳೆದು ಫೆಬ್ರವರಿಯ ಬ್ಲ್ಯಾಕ್ ಹಿಸ್ಟರಿ ಮಂತ್ ಆಯ್ತು. ಮಾರ್ಚ್ ಮಹಿಳೆಯರ ಇತಿಹಾಸದ ತಿಂಗಳಾಯ್ತು. ಹಾಗಾದ್ರೆ ನಮ್ಮದಕ್ಕೂ ಒಂದು ತಿಂಗಳು ಯಾಕಿರಬಾರದು ಅಂತ ವಿಲ್ಸನ್ ಅಕ್ಟೋಬರನ್ನ ಆರಿಸಿಕೊಂಡ್ರು. ಕಾರಣಗಳು ಪ್ರಾಕ್ಟಿಕಲ್. ಅಕ್ಟೋಬರ್‌ನಲ್ಲಿ ಶಾಲೆ ನಡೀತಾ ಇರುತ್ತೆ. ವಾಷಿಂಗ್ಟನ್‌ನಲ್ಲಿ ಸಮಾನ ಹಕ್ಕಿಗಾಗಿ ಮೊದಲ ದೊಡ್ಡ ಮೆರವಣಿಗೆ ನಡೆದದ್ದು 1979ರ ಅಕ್ಟೋಬರ್ 14ರಂದು. ತಮ್ಮ ಬಗ್ಗೆ ಮುಚ್ಚಿಡದೆ ಹೇಳಿಕೊಳ್ಳುವವರಿಗಾಗಿ 1988ರಿಂದ ನಡೀತಾ ಬಂದಿರೋ ಕಮಿಂಗ್ ಔಟ್ ದಿನವೂ ಅಕ್ಟೋಬರ್ 11.

ಇಲ್ಲಿ ಒಂದು ಗೊಂದಲ ಪರಿಹರಿಸಿಕೊಳ್ಳಬೇಕು. ಜೂನ್‌ನಲ್ಲಿ ಕಾಮನಬಿಲ್ಲಿನ ಬಾವುಟ, ಕಂಪನಿಗಳ ಲೋಗೋ ಬದಲಾಗೋದು ಎಲ್ಲ ನೋಡಿರ್ತೀರಿ. ಅದು ಪ್ರೈಡ್ ಮಂತ್. 1969ರ ಜೂನ್ 28ರಂದು ನ್ಯೂಯಾರ್ಕ್‌ನ ಸ್ಟೋನ್‌ವಾಲ್ ಅನ್ನೋ ಬಾರ್ ಮೇಲೆ ಪೊಲೀಸರು ದಾಳಿ ಮಾಡಿದಾಗ ಅಲ್ಲಿದ್ದವರು ತಿರುಗಿಬಿದ್ದರು, ಅದರ ನೆನಪಿಗೆ. ಪ್ರೈಡ್ ಬೀದಿಯಲ್ಲಿ ನಡೆಯುತ್ತೆ. ಇತಿಹಾಸ ಮಾಸ ನಡೆಯೋದು ಕ್ಲಾಸು, ಲೈಬ್ರರಿ, ಮ್ಯೂಸಿಯಂಗಳಲ್ಲಿ.

ಬ್ರಿಟನ್: ಒಂದೂ ಕೇಸಿಲ್ಲದ ಕಾನೂನು

ಬ್ರಿಟನ್‌ನ ಕಥೆ ಇನ್ನೂ ವಿಚಿತ್ರ. ಅಲ್ಲಿ 1988ರಲ್ಲಿ ಸ್ಥಳೀಯ ಸರ್ಕಾರ ಕಾಯ್ದೆಗೆ ಸೆಕ್ಷನ್ 28 ಅನ್ನೋದನ್ನ ಸೇರಿಸಿದ್ರು. ಸ್ಥಳೀಯ ಆಡಳಿತಗಳು ಸಲಿಂಗ ಸಂಬಂಧವನ್ನ 'ಪ್ರಚಾರ' ಮಾಡೋ ಹಾಗಿಲ್ಲ, ಅವುಗಳ ಶಾಲೆಗಳಲ್ಲಿ ಅದನ್ನ ಒಪ್ಪಬಹುದಾದ ಕುಟುಂಬ ಸಂಬಂಧ ಅಂತ ಕಲಿಸೋದಕ್ಕೆ ಉತ್ತೇಜನ ಕೊಡೋ ಹಾಗಿಲ್ಲ ಅನ್ನೋದು ಅದರ ಸಾರಾಂಶ.

ಈಗ ಗಮನಿಸಬೇಕಾದ ವಿಷಯ. ಸ್ಕಾಟ್ಲೆಂಡ್‌ನಲ್ಲಿ 2000ದಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2003ರಲ್ಲಿ ಈ ಸೆಕ್ಷನ್ ರದ್ದಾಯ್ತು. ಅಷ್ಟು ವರ್ಷಗಳಲ್ಲಿ ಈ ಸೆಕ್ಷನ್ ಅಡಿ ಯಾರ ಮೇಲೂ ಕೇಸು ನಡೆದು ಶಿಕ್ಷೆ ಆಗಲಿಲ್ಲ. ಅಂಕಿ ಅಂಶ ಮಾತ್ರ ನೋಡೋರಿಗೆ ಈ ಕಾನೂನಿನಿಂದ ಯಾರಿಗೂ ತೊಂದರೆ ಆಗಲೇ ಇಲ್ಲ ಅನ್ನಿಸುತ್ತೆ.

ಆದರೆ ಆಗಿದ್ದೇನು? 'ಪ್ರಚಾರ' ಅಂದ್ರೆ ಎಲ್ಲಿಂದ ಎಲ್ಲಿವರೆಗೆ ಅಂತ ಯಾರಿಗೂ ಸ್ಪಷ್ಟ ಇರಲಿಲ್ಲ. ಹಾಗಾಗಿ ಟೀಚರ್‌ಗಳು ಬಾಯಿ ಮುಚ್ಚಿಕೊಂಡ್ರು. ಒಬ್ಬ ಹುಡುಗನನ್ನ ಉಳಿದವರು ರೇಗಿಸ್ತಾ ಇದ್ರೆ ಅವನ ಪರ ಮಾತಾಡೋದೂ ಪ್ರಚಾರ ಆಗಿಬಿಡುತ್ತೇನೋ ಅನ್ನೋ ಭಯ. ತಾವೇ ಲೆಸ್ಬಿಯನ್ ಅಥವಾ ಗೇ ಆಗಿದ್ದ ಟೀಚರ್‌ಗಳು ತಮ್ಮ ಬಗ್ಗೆ ಒಂದಕ್ಷರ ಆಡದೆ ವರ್ಷಗಟ್ಟಲೆ ಪಾಠ ಮಾಡಿದ್ರು.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ಸೈಲೆಂಟ್ ಫೇಲ್ಯೂರ್. ಪ್ರೋಗ್ರಾಂ ಕ್ರ್ಯಾಶ್ ಆದ್ರೆ ಎರರ್ ಬರುತ್ತೆ, ಲಾಗ್‌ನಲ್ಲಿ ದಾಖಲಾಗುತ್ತೆ. ಕ್ರ್ಯಾಶ್ ಆಗದೆ ತಪ್ಪು ಔಟ್‌ಪುಟ್ ಕೊಡ್ತಾ ಹೋದ್ರೆ ಲಾಗ್ ಫೈಲ್ ಖಾಲಿ ಇರುತ್ತೆ. ಲಾಗ್ ಖಾಲಿ ಇದೆ ಅಂದ ಮಾತ್ರಕ್ಕೆ ಸಿಸ್ಟಂ ಸರಿ ಇದೆ ಅಂತಲ್ಲ. ಈ ಮಾತನ್ನ ನೆನಪಿಟ್ಟುಕೊಳ್ಳಿ, ಭಾರತದ ವಿಷಯಕ್ಕೆ ಬಂದಾಗ ಮತ್ತೆ ಬೇಕಾಗುತ್ತೆ.

ಸೆಕ್ಷನ್ 28 ಹೋಯ್ತು ಅಂದ ತಕ್ಷಣ ಟೀಚರ್‌ಗಳ ಬಾಯಿ ತೆರೀಲಿಲ್ಲ. ಹದಿನೈದು ವರ್ಷ ಆ ವಿಷಯ ಎತ್ತದೇ ಇದ್ದವರಿಗೆ ಪಾಠ ಮಾಡೋಕೆ ಸಾಮಗ್ರಿಯಾದ್ರೂ ಎಲ್ಲಿತ್ತು? ಆಗ ಸ್ಕೂಲ್ಸ್ ಔಟ್ ಅನ್ನೋ ಸಂಘಟನೆಯ ಸ್ಯೂ ಸ್ಯಾಂಡರ್ಸ್ ಮತ್ತು ಪಾಲ್ ಪ್ಯಾಟ್ರಿಕ್ ಮುಂದೆ ಬಂದು 2005ರ ಫೆಬ್ರವರಿಯಲ್ಲಿ ಬ್ರಿಟನ್‌ನ ಮೊದಲ ಎಲ್‌ಜಿಬಿಟಿ ಇತಿಹಾಸ ಮಾಸ ನಡೆಸಿದ್ರು. ಇವರಿಬ್ಬರೂ ಶಿಕ್ಷಕ ವೃತ್ತಿಯವರೇ. ಈಗ ಅಲ್ಲಿ ಪ್ರತಿ ವರ್ಷಕ್ಕೂ ಒಂದು ವಿಷಯ ಇರುತ್ತೆ. 2024ರದ್ದು ವೈದ್ಯಕೀಯ. ಸ್ಕಾಟ್ಲೆಂಡ್ ಅಂತೂ ಇಡೀ ಶಾಲಾ ಪಠ್ಯಕ್ರಮದಲ್ಲೇ ಇದನ್ನ ಸೇರಿಸೋದಾಗಿ 2018ರಲ್ಲಿ ಘೋಷಿಸ್ತು.

ಬರ್ಲಿನ್: ಲೈಬ್ರರಿಗೆ ನುಗ್ಗಿದ್ದು ವಿದ್ಯಾರ್ಥಿಗಳು

ಜರ್ಮನಿಯಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಇತಿಹಾಸ ಬರೆದಿಟ್ಟಿದ್ದರು, ಅದನ್ನ ಸುಟ್ಟರು.

ಮ್ಯಾಗ್ನಸ್ ಹಿರ್ಶ್‌ಫೆಲ್ಡ್ ಅನ್ನೋ ಡಾಕ್ಟರ್ 1919ರಲ್ಲಿ ಬರ್ಲಿನ್‌ನಲ್ಲಿ ಲೈಂಗಿಕ ವಿಜ್ಞಾನದ ಒಂದು ಸಂಸ್ಥೆ ತೆರೆದಿದ್ರು. ಅಲ್ಲಿ ಚಿಕಿತ್ಸೆ, ಸಲಹೆ, ಸಂಶೋಧನೆ ಎಲ್ಲ ನಡೀತಿತ್ತು. ದೊಡ್ಡ ಲೈಬ್ರರಿ ಇತ್ತು, ರೋಗಿಗಳ ದಾಖಲೆ, ಫೋಟೋ, ಸಂಶೋಧನಾ ಟಿಪ್ಪಣಿ ಇದ್ದವು. 1933ರ ಮೇ 6ರಂದು ನಾಜಿ ಬೆಂಬಲಿಗರು ಆ ಕಟ್ಟಡಕ್ಕೆ ನುಗ್ಗಿದ್ರು. ಮುಂದಾಳತ್ವ ವಹಿಸಿದ್ದು ಯಾರು ಗೊತ್ತಾ? ಕಾಲೇಜು ವಿದ್ಯಾರ್ಥಿಗಳು. ನಾಲ್ಕು ದಿನ ಬಿಟ್ಟು, ಮೇ 10ರಂದು, ಓಪರ್ನ್‌ಪ್ಲಾಟ್ಸ್ ಚೌಕದಲ್ಲಿ ಆ ಪುಸ್ತಕಗಳನ್ನ ಬೆಂಕಿಗೆ ಹಾಕಿದ್ರು. ನಾಜಿಗಳು ಪುಸ್ತಕ ಸುಡುವ ಆ ಪ್ರಸಿದ್ಧ ಫೋಟೋಗಳನ್ನ ನಾವು ಹೈಸ್ಕೂಲ್‌ನಲ್ಲಿ ನೋಡಿರ್ತೀವಿ. ಆ ರಾಶಿಯಲ್ಲಿ ಈ ಸಂಸ್ಥೆಯ ಪುಸ್ತಕಗಳೂ ಇದ್ದವು ಅಂತ ಫೋಟೋದ ಕೆಳಗೆ ಬರೆದಿರಲ್ಲ.

ಜರ್ಮನಿಯ ದಂಡ ಸಂಹಿತೆಯ 175ನೇ ಪ್ಯಾರಾಗ್ರಾಫ್ ಗಂಡಸರ ನಡುವಿನ ಸಂಬಂಧವನ್ನ ಅಪರಾಧ ಅಂತಿತ್ತು. 1935ರಲ್ಲಿ ನಾಜಿಗಳು ಅದನ್ನ ಇನ್ನೂ ಬಿಗಿ ಮಾಡಿದ್ರು. ಅವರ ಆಡಳಿತದಲ್ಲಿ ಸುಮಾರು 50,000 ಗಂಡಸರಿಗೆ ಶಿಕ್ಷೆಯಾಯ್ತು, ಸಾವಿರಾರು ಜನ ಕ್ಯಾಂಪ್‌ಗಳಿಗೆ ಹೋದ್ರು. ವಿಲ್ಸನ್ ತೋರಿಸಿದ ಗುಲಾಬಿ ತ್ರಿಕೋನ ಇವರದ್ದು.

ಯುದ್ಧ ಮುಗೀತು, ಹಿಟ್ಲರ್ ಸತ್ತ. ಇವರಿಗೆ ಬಿಡುಗಡೆ ಸಿಕ್ಕಿತಾ? ಪೂರ್ತಿಯಾಗಿ ಇಲ್ಲ. ಪಶ್ಚಿಮ ಜರ್ಮನಿ ಅದೇ ನಾಜಿ ರೂಪದ ಕಾನೂನನ್ನ 1969ರವರೆಗೆ ಹಾಗೇ ಇಟ್ಟುಕೊಳ್ತು. ಆ ಅವಧಿಯಲ್ಲಿ ಮತ್ತೆ ಸುಮಾರು 50,000 ಜನರಿಗೆ ಶಿಕ್ಷೆ. ಪ್ಯಾರಾಗ್ರಾಫ್ 175 ಸಂಪೂರ್ಣವಾಗಿ ಹೋದದ್ದು 1994ರಲ್ಲಿ, ವಿಲ್ಸನ್ ಇತಿಹಾಸ ಮಾಸ ಶುರು ಮಾಡಿದ ಅದೇ ವರ್ಷ. ನಾಜಿ ಕಾಲದ ತೀರ್ಪುಗಳನ್ನ 2002ರಲ್ಲಿ, ಯುದ್ಧಾನಂತರದ ತೀರ್ಪುಗಳನ್ನ 2017ರಲ್ಲಿ ರದ್ದು ಮಾಡಿದ್ರು. ಕ್ಯಾಂಪ್‌ನಿಂದ ಬದುಕಿ ಬಂದವನು ಕಾನೂನಿನ ಕಣ್ಣಲ್ಲಿ ಇನ್ನೂ ಅಪರಾಧಿ. ಹಾಗಿರುವಾಗ ತನಗಾದದ್ದನ್ನ ಯಾರ ಹತ್ತಿರ ಹೇಳಿಕೊಳ್ತಾನೆ? ಅದಕ್ಕೇ ಗುಲಾಬಿ ತ್ರಿಕೋನದವರ ನೆನಪಿನ ಬರಹಗಳು ಅಷ್ಟು ಕಮ್ಮಿ. ಪುಸ್ತಕ ಸುಟ್ಟ ಅದೇ ಮೇ ತಿಂಗಳಲ್ಲಿ ಈಗ ಬರ್ಲಿನ್‌ನ ಶಾಲೆಗಳಿಗಾಗಿ ಕ್ವಿಯರ್ ಹಿಸ್ಟರಿ ಮಂತ್ ನಡೆಯುತ್ತೆ.

ಬೇರೆ ದೇಶಗಳು, ಚುಟುಕಾಗಿ

- ಕೆನಡಾ, ಆಸ್ಟ್ರೇಲಿಯಾ: ಅಮೆರಿಕದ ಹಾಗೆ ಅಕ್ಟೋಬರ್.
- ಹಂಗೇರಿ: 2013ರಿಂದ ಫೆಬ್ರವರಿ. ಆದರೆ 18 ವರ್ಷದೊಳಗಿನವರಿಗೆ ಈ ವಿಷಯ ತೋರಿಸೋದನ್ನ ನಿರ್ಬಂಧಿಸೋ ಕಾನೂನು 2021ರಲ್ಲಿ ಅಲ್ಲೇ ಬಂತು. ಸೆಕ್ಷನ್ 28ರ ನೆನಪಾಗುತ್ತೆ ಅಲ್ವಾ?
- ಫಿನ್ಲೆಂಡ್: 2018ರಿಂದ ನವೆಂಬರ್.
- ಕ್ಯೂಬಾ: 2021ರಿಂದ ಮೇ.
- ಇಟಲಿ: 2022ರಿಂದ ಏಪ್ರಿಲ್.

ಅಮೆರಿಕದಲ್ಲೂ ದಾರಿ ನೇರ ಇಲ್ಲ. ಕ್ಯಾಲಿಫೋರ್ನಿಯಾ 2011ರ ಕಾಯ್ದೆಯಲ್ಲಿ ಸಮಾಜ ಪಾಠದಲ್ಲಿ ಈ ಜನರ ಕೊಡುಗೆಯನ್ನ ಸೇರಿಸಬೇಕು ಅಂತು. ಫ್ಲಾರಿಡಾ 2022ರಲ್ಲಿ ಸಣ್ಣ ತರಗತಿಗಳಲ್ಲಿ ಈ ವಿಷಯದ ಪಾಠವನ್ನೇ ನಿಷೇಧಿಸ್ತು. ಹಾಗಾಗಿ ಇದು ಮುಗಿದ ಜಗಳ ಅಲ್ಲ.

ನಮ್ಮ ಪಠ್ಯದಲ್ಲೇ ಇರೋ ಹೆಸರುಗಳು

ಈಗ ಕ್ವಿಜ್‌ನ ಉಳಿದ ಎರಡು ಪ್ರಶ್ನೆಗಳಿಗೆ ಬರೋಣ.

*ಅಲನ್ ಟ್ಯೂರಿಂಗ್.* 1936ರಲ್ಲಿ, 24 ವರ್ಷಕ್ಕೆ, ಯಾವುದನ್ನ ಲೆಕ್ಕ ಹಾಕಬಹುದು, ಯಾವುದನ್ನ ಹಾಕೋಕಾಗಲ್ಲ ಅಂತ ತೋರಿಸಿದ ಪೇಪರ್ ಬರೆದವರು. ಎರಡನೇ ಮಹಾಯುದ್ಧದಲ್ಲಿ ಬ್ಲೆಚ್‌ಲಿ ಪಾರ್ಕ್‌ನಲ್ಲಿ ಜರ್ಮನಿಯ ಎನಿಗ್ಮಾ ಸಂಕೇತಗಳನ್ನ ಬಿಡಿಸಿದ ತಂಡದ ಮುಖ್ಯ ವ್ಯಕ್ತಿ. ಅವರಿಗೂ ನಮ್ಮ ಕಡೆಗೂ ಒಂದು ಎಳೆ ಇದೆ. ಅಪ್ಪ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ಐಸಿಎಸ್ ಅಧಿಕಾರಿ. ತಾಯಿಯ ತಂದೆ ಎಡ್ವರ್ಡ್ ಸ್ಟೋನಿ ಮದ್ರಾಸ್ ರೈಲ್ವೆಯ ಮುಖ್ಯ ಎಂಜಿನಿಯರ್, ತುಂಗಭದ್ರೆಗೆ ರೈಲ್ವೆ ಸೇತುವೆ ಕಟ್ಟಿಸಿದವರು.

1952ರಲ್ಲಿ ಟ್ಯೂರಿಂಗ್ ಅವರನ್ನ ಇನ್ನೊಬ್ಬ ಗಂಡಸಿನ ಜೊತೆಗಿನ ಸಂಬಂಧಕ್ಕಾಗಿ ಕೋರ್ಟಿಗೆ ಎಳೆದ್ರು. 1885ರ ಒಂದು ಬ್ರಿಟಿಷ್ ಕಾನೂನಿನಡಿ ಅಪರಾಧಿ ಅಂತ ತೀರ್ಪಾಯ್ತು. ಜೈಲು ಬೇಡ ಅಂದ್ರೆ ಹಾರ್ಮೋನ್ ಚಿಕಿತ್ಸೆಗೆ ಒಪ್ಪಬೇಕು ಅನ್ನೋ ಆಯ್ಕೆ. ಅವರು ಚಿಕಿತ್ಸೆ ಒಪ್ಪಿದ್ರು. ಯುದ್ಧದಲ್ಲಿ ದೇಶಕ್ಕಾಗಿ ಕೋಡ್ ಬಿಡಿಸಿದವರಿಗೆ ಗುಪ್ತ ಕೆಲಸಗಳ ಪರವಾನಗಿಯೂ ಹೋಯ್ತು. 1954ರ ಜೂನ್ 7ರಂದು ಸಯನೈಡ್ ವಿಷದಿಂದ ತೀರಿಕೊಂಡ್ರು. ವಿಚಾರಣೆ ಅದನ್ನ ಆತ್ಮಹತ್ಯೆ ಅಂತು.

2009ರಲ್ಲಿ ಜಾನ್ ಗ್ರಹಾಂ-ಕಮಿಂಗ್ ಅನ್ನೋ ಪ್ರೋಗ್ರಾಮರ್ ಶುರು ಮಾಡಿದ ಅರ್ಜಿಗೆ ಸಾವಿರಾರು ಜನ ಸಹಿ ಹಾಕಿದ್ರು. ಪ್ರಧಾನಿ ಗಾರ್ಡನ್ ಬ್ರೌನ್ ಸರ್ಕಾರದ ಪರವಾಗಿ ಕ್ಷಮೆ ಕೇಳಿದ್ರು. 2013ರಲ್ಲಿ ರಾಣಿಯಿಂದ ಕ್ಷಮಾದಾನ ಬಂತು. ಆಗ ಎದ್ದ ಪ್ರಶ್ನೆ ಸರಿಯಾಗೇ ಇತ್ತು: ಜೀನಿಯಸ್ ಒಬ್ಬನಿಗೆ ಮಾತ್ರ ಕ್ಷಮೆ ಸಾಕಾ? ಅದೇ ಕಾನೂನಿನಲ್ಲಿ ಶಿಕ್ಷೆ ಅನುಭವಿಸಿದ ಹೋಟೆಲ್ ಮಾಣಿ, ಗುಮಾಸ್ತ, ಸೈನಿಕ ಇವರ ಗತಿ ಏನು? 2017ರಲ್ಲಿ 'ಟ್ಯೂರಿಂಗ್ ಕಾನೂನು' ಅಂತ ಕರೆಯೋ ತಿದ್ದುಪಡಿ ಬಂದು, ತೀರಿಹೋಗಿದ್ದ ಸಾವಿರಾರು ಜನರಿಗೂ ಕ್ಷಮಾದಾನ ಸಿಕ್ತು. 2021ರಿಂದ ಬ್ರಿಟನ್‌ನ 50 ಪೌಂಡ್ ನೋಟಿನ ಮೇಲೆ ಟ್ಯೂರಿಂಗ್ ಚಿತ್ರ ಇದೆ.

*ಲಿನ್ ಕಾನ್ವೇ.* ಇಸಿ ಗೆಳೆಯರು ಲ್ಯಾಂಬ್ಡಾ ರೂಲ್ಸ್ ಇಟ್ಟುಕೊಂಡು ಲೇಔಟ್ ಬಿಡಿಸ್ತಾರಲ್ಲ, ಅದರ ಹಿಂದಿರೋ ಪುಸ್ತಕ ಕಾರ್ವರ್ ಮೀಡ್ ಮತ್ತು ಲಿನ್ ಕಾನ್ವೇ 1980ರಲ್ಲಿ ಪ್ರಕಟಿಸಿದ ವಿಎಲ್‌ಎಸ್‌ಐ ಪಠ್ಯಪುಸ್ತಕ. ಅದಕ್ಕೂ ಮುಂಚೆ ಚಿಪ್ ಡಿಸೈನ್ ಅಂದ್ರೆ ದೊಡ್ಡ ಕಂಪನಿಗಳ ಒಳಗಿನ ಕೆಲವೇ ಪರಿಣತರ ವಿದ್ಯೆ. ಇವರಿಬ್ಬರೂ ಅದನ್ನ ವಿದ್ಯಾರ್ಥಿಗಳು ಕಲಿಯಬಹುದಾದ ನಿಯಮಗಳಾಗಿ ಸರಳ ಮಾಡಿದ್ರು.

ಆದರೆ ಕಾನ್ವೇ ಅವರಿಗೆ ಅದು ಎರಡನೇ ಜೀವನ. ಮೊದಲನೇ ಜೀವನದಲ್ಲಿ, 1960ರ ದಶಕದಲ್ಲಿ, ಅವರು ಐಬಿಎಂನ ಎಸಿಎಸ್ ಅನ್ನೋ ಸೂಪರ್‌ಕಂಪ್ಯೂಟರ್ ಪ್ರಾಜೆಕ್ಟ್‌ನಲ್ಲಿದ್ರು. ಇನ್‌ಸ್ಟ್ರಕ್ಷನ್‌ಗಳು ಬರೆದ ಕ್ರಮದಲ್ಲೇ ಕ್ಯೂ ನಿಲ್ಲೋ ಬದಲು, ಯಾವುದಕ್ಕೆ ಬೇಕಾದದ್ದೆಲ್ಲ ರೆಡಿ ಇದೆಯೋ ಅದನ್ನ ಮೊದಲು ಓಡಿಸಿ, ಒಂದೇ ಸೈಕಲ್‌ನಲ್ಲಿ ಒಂದಕ್ಕಿಂತ ಹೆಚ್ಚು ಇನ್‌ಸ್ಟ್ರಕ್ಷನ್ ಹೊರಡಿಸೋ ವಿಧಾನವನ್ನ ಅಲ್ಲಿ ರೂಪಿಸಿದ್ರು. ಹುಟ್ಟಿನಿಂದ ಗಂಡು ಅಂತ ದಾಖಲಾಗಿದ್ದ ಅವರು ಹೆಣ್ಣಾಗಿ ಬದುಕೋಕೆ ಚಿಕಿತ್ಸೆ ಪಡೆಯೋ ನಿರ್ಧಾರ ಮಾಡಿದ್ದು ಗೊತ್ತಾಗ್ತಿದ್ದ ಹಾಗೆ 1968ರಲ್ಲಿ ಐಬಿಎಂ ಕೆಲಸದಿಂದ ತೆಗೀತು. ತಮ್ಮ ಮಕ್ಕಳನ್ನ ನೋಡೋ ಅವಕಾಶವೂ ಹೋಯ್ತು. ಹೊಸ ಹೆಸರಿನಲ್ಲಿ, ಹಳೇ ಕೆಲಸದ ಬಗ್ಗೆ ಯಾರಿಗೂ ಹೇಳದೆ, ಕಾಂಟ್ರ್ಯಾಕ್ಟ್ ಪ್ರೋಗ್ರಾಮರ್ ಆಗಿ ಸೊನ್ನೆಯಿಂದ ಶುರು ಮಾಡಿದ್ರು.

ಇಲ್ಲೊಂದು ಗಮನಿಸಬೇಕಾದ ಪರಿಣಾಮ ಇದೆ. ವ್ಯಕ್ತಿಯನ್ನ ಮರೆಮಾಡಿದಾಗ ಅವರ ಕೆಲಸದ ಇತಿಹಾಸವೂ ಮರೆಯಾಯ್ತು. ಎಸಿಎಸ್ ಪ್ರಾಜೆಕ್ಟ್ ರದ್ದಾಗಿತ್ತು, ಅದರಲ್ಲಿ ಏನೇನು ಕಂಡುಹಿಡಿದಿದ್ರು ಅನ್ನೋದು ಹೊರಗಿನವರಿಗೆ ಸರಿಯಾಗಿ ಗೊತ್ತೇ ಇರಲಿಲ್ಲ. ಸುಮಾರು ಮೂವತ್ತು ವರ್ಷ ಆದ್ಮೇಲೆ, 1990ರ ದಶಕದ ಕೊನೆಗೆ, ಮಾರ್ಕ್ ಸ್ಮದರ್‌ಮನ್ ಅನ್ನೋ ಪ್ರಾಧ್ಯಾಪಕರು ಆ ಪ್ರಾಜೆಕ್ಟ್‌ನ ಇತಿಹಾಸ ಹುಡುಕೋಕೆ ಶುರು ಮಾಡಿದ್ರು. ಆ ದಿನಗಳ ಕಾಗದಪತ್ರಗಳನ್ನ ಕಾನ್ವೇ ಜೋಪಾನವಾಗಿ ಇಟ್ಟುಕೊಂಡಿದ್ರು. ಅದನ್ನ ಹೊರಗೆ ಕೊಡಬೇಕು ಅಂದ್ರೆ ತಾನು ಯಾರು ಅಂತ ಹೇಳಲೇಬೇಕು. ಅವರು ಹೇಳಿದ್ರು. ಕಂಪ್ಯೂಟರ್ ಆರ್ಕಿಟೆಕ್ಚರ್ ಇತಿಹಾಸದ ಒಂದು ಕಾಣೆಯಾದ ಪುಟ ಹಾಗೆ ವಾಪಸ್ ಬಂತು. ಐಬಿಎಂ ಕ್ಷಮೆ ಕೇಳಿದ್ದು 2020ರಲ್ಲಿ, 52 ವರ್ಷ ಆದ್ಮೇಲೆ. ಕಾನ್ವೇ 2024ರ ಜೂನ್‌ನಲ್ಲಿ, 86ನೇ ವಯಸ್ಸಲ್ಲಿ ತೀರಿಕೊಂಡ್ರು.

*ಫ್ರ್ಯಾಂಕ್ ಕಮೆನಿ.* ಇವರ ಹೆಸರು ನಮ್ಮ ಪಠ್ಯದಲ್ಲಿಲ್ಲ, ಆದ್ರೂ ಹೇಳಲೇಬೇಕು. ಹಾರ್ವರ್ಡ್‌ನಲ್ಲಿ ಖಗೋಳ ವಿಜ್ಞಾನದ ಪಿಎಚ್‌ಡಿ ಮಾಡಿ, 1957ರಲ್ಲಿ ಅಮೆರಿಕ ಸೇನೆಯ ನಕ್ಷೆ ವಿಭಾಗಕ್ಕೆ ಸೇರಿದ್ರು. ಗೇ ಅನ್ನೋ ಕಾರಣಕ್ಕೆ ಕೆಲವೇ ತಿಂಗಳಲ್ಲಿ ತೆಗೆದುಹಾಕಿದ್ರು. ಬಾಹ್ಯಾಕಾಶ ಯುಗ ಶುರುವಾಗೋ ಹೊತ್ತಿಗೆ ಒಬ್ಬ ಖಗೋಳ ವಿಜ್ಞಾನಿಗೆ ಸರ್ಕಾರಿ ಕೆಲಸದ ಬಾಗಿಲು ಮುಚ್ಚಿತು. ಅವರು ಸುಪ್ರೀಂ ಕೋರ್ಟ್‌ವರೆಗೆ ಹೋದ್ರು, 1961ರಲ್ಲಿ ಕೋರ್ಟ್ ಅರ್ಜಿ ಕೈಗೆತ್ತಿಕೊಳ್ಳಲಿಲ್ಲ. 1965ರಲ್ಲಿ ಶ್ವೇತಭವನದ ಮುಂದೆ ಕೆಲವೇ ಜನರ ಜೊತೆ ಬೋರ್ಡ್ ಹಿಡಿದು ನಿಂತ್ರು. ಆದರೆ ಅವರು ಮಾಡಿದ ಇನ್ನೊಂದು ಕೆಲಸ ನನಗೆ ತುಂಬಾ ದೊಡ್ಡದು ಅನ್ಸುತ್ತೆ. ಪ್ರತಿ ಪತ್ರ, ಪ್ರತಿ ಉತ್ತರ, ಪ್ರತಿಭಟನೆಯ ಬೋರ್ಡ್‌ಗಳನ್ನ ಸಹ ಎಸೆಯದೆ ಮನೆಯಲ್ಲಿ ಇಟ್ಟುಕೊಂಡ್ರು. 2006ರಲ್ಲಿ ಆ ಕಾಗದಗಳು ಲೈಬ್ರರಿ ಆಫ್ ಕಾಂಗ್ರೆಸ್ ಸೇರಿದ್ವು. 2009ರಲ್ಲಿ ಸರ್ಕಾರ ಅಧಿಕೃತವಾಗಿ ಕ್ಷಮೆ ಕೇಳಿದಾಗ ಕೇಳಿಸಿಕೊಳ್ಳೋಕೆ ಅವರು ಬದುಕಿದ್ರು. ಆ ಅದೃಷ್ಟ ಟ್ಯೂರಿಂಗ್‌ಗೆ ಇರಲಿಲ್ಲ.

ಭಾರತಕ್ಕೆ ಬಂದರೆ

ನಮ್ಮಲ್ಲಿ ಸರ್ಕಾರಿ ಮಟ್ಟದ ಇತಿಹಾಸ ಮಾಸ ಇಲ್ಲ. ಆದರೆ ಮೇಲಿನ ಕಥೆಗೂ ನಮಗೂ ನೇರ ಸಂಬಂಧ ಇದೆ. ಬ್ರಿಟಿಷರು 1860ರಲ್ಲಿ ಮಾಡಿದ ಭಾರತೀಯ ದಂಡ ಸಂಹಿತೆಯ ಸೆಕ್ಷನ್ 377 ಸಲಿಂಗ ಸಂಬಂಧವನ್ನೂ ಅಪರಾಧವಾಗಿಸಿತ್ತು. ಇಂಗ್ಲೆಂಡ್ 1967ರಲ್ಲೇ ತನ್ನ ಕಾನೂನನ್ನ ಸಡಿಲ ಮಾಡ್ತು. ಅವರು ಇಲ್ಲಿ ಬಿಟ್ಟುಹೋದದ್ದನ್ನ ನಾವು ಇನ್ನೂ ಐವತ್ತೊಂದು ವರ್ಷ ಇಟ್ಟುಕೊಂಡಿದ್ವಿ.

2009ರಲ್ಲಿ ದೆಹಲಿ ಹೈಕೋರ್ಟ್, ವಯಸ್ಕರ ಒಪ್ಪಿಗೆಯ ಸಂಬಂಧಕ್ಕೆ 377 ಅನ್ವಯಿಸೋ ಹಾಗಿಲ್ಲ ಅಂತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನ ತಿರುಗಿಸ್ತು. ಆಗ ಕೊಟ್ಟ ಕಾರಣಗಳಲ್ಲಿ ಒಂದು, 150ಕ್ಕೂ ಹೆಚ್ಚು ವರ್ಷಗಳಲ್ಲಿ ಈ ಸೆಕ್ಷನ್ ಅಡಿ 200ಕ್ಕಿಂತ ಕಮ್ಮಿ ಜನರ ಮೇಲೆ ಮೊಕದ್ದಮೆ ನಡೆದಿದೆ ಅನ್ನೋದು.

ಖಾಲಿ ಲಾಗ್ ಫೈಲ್ ನೆನಪಿದೆಯಾ? ಕೋರ್ಟಿನ ದಾಖಲೆಯಲ್ಲಿ 200 ಹೆಸರು ಇಲ್ಲ, ಹಾಗಾಗಿ ಸಮಸ್ಯೆ ಅಷ್ಟು ದೊಡ್ಡದಲ್ಲ ಅನ್ನೋ ತರ್ಕ. ಪೊಲೀಸ್ ಸ್ಟೇಷನ್‌ನಲ್ಲಿ ಹೆದರಿಸಿ ದುಡ್ಡು ಕಿತ್ತುಕೊಂಡದ್ದು, ಮನೆಯಿಂದ ಹೊರಗೆ ಹಾಕಿದ್ದು, ಕಾಲೇಜು ಬಿಟ್ಟು ಹೋದದ್ದು, ಇದ್ಯಾವುದೂ ಮೊಕದ್ದಮೆಯ ಲೆಕ್ಕದಲ್ಲಿ ಬರಲ್ಲ. ಅದು ಬರಬೇಕು ಅಂದ್ರೆ ಯಾರಾದ್ರೂ ಕೂತು ಬರೀಬೇಕು. ನಮ್ಮ ರಾಜ್ಯದಲ್ಲಿ ಪಿಯುಸಿಎಲ್-ಕರ್ನಾಟಕ 2001 ಮತ್ತು 2003ರಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯದ ವರದಿಗಳನ್ನ ತಂದದ್ದು ಅದಕ್ಕೇ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ಕಮ್ರಾ ಅನ್ನೋ ಸಂಗ್ರಹಾಗಾರ ಈಗ ಈ ಚಳವಳಿಯ ಕಾಗದ, ಫೋಟೋ, ವಿಡಿಯೋಗಳನ್ನ ಕಾಪಾಡ್ತಾ ಇದೆ. ಕಮೆನಿ ಮನೆಯಲ್ಲಿ ಮಾಡಿದ ಕೆಲಸವನ್ನ ಇಲ್ಲಿ ಒಂದು ಸಂಸ್ಥೆ ಮಾಡ್ತಾ ಇದೆ ಅನ್ನಬಹುದು.

2018ರಲ್ಲಿ 377 ಮತ್ತೆ ಸುಪ್ರೀಂ ಕೋರ್ಟ್ ಮುಂದೆ ಬಂದಾಗ ಅರ್ಜಿದಾರರಲ್ಲಿ ಒಂದು ಗುಂಪು ಯಾರದ್ದು ಗೊತ್ತಾ? ಬೇರೆ ಬೇರೆ ಐಐಟಿಗಳ 20 ಜನ ಹಳೆಯ ಮತ್ತು ಆಗ ಓದ್ತಿದ್ದ ವಿದ್ಯಾರ್ಥಿಗಳದ್ದು. ನಮ್ಮ ಹಾಗೆ ಡೆರಿವೇಷನ್ ಬರೆದು, ಲ್ಯಾಬ್ ರೆಕಾರ್ಡ್ ತುಂಬಿ, ಪ್ಲೇಸ್‌ಮೆಂಟ್ ಚಿಂತೆ ಮಾಡಿದವರು. ಅರ್ಜಿ ಹಾಕಿದ ದಿನ ಕಾನೂನಿನ ಪ್ರಕಾರ ಅವರು ಅಪರಾಧಿಗಳಾಗಬಹುದಿತ್ತು, ಆದ್ರೂ ತಮ್ಮ ಹೆಸರು ಕೊಟ್ಟು ಅರ್ಜಿ ಹಾಕಿದ್ರು. ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ, ವಯಸ್ಕರ ಒಪ್ಪಿಗೆಯ ಸಂಬಂಧ ಅಪರಾಧ ಅಲ್ಲ ಅಂತ ತೀರ್ಪು ಕೊಡ್ತು. ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಅವರು ಇಷ್ಟು ತಡವಾದದ್ದಕ್ಕೆ ಇತಿಹಾಸವೇ ಈ ಜನರ ಮತ್ತು ಅವರ ಮನೆಯವರ ಕ್ಷಮೆ ಕೇಳಬೇಕು ಅನ್ನೋ ಅರ್ಥದ ಮಾತು ಬರೆದ್ರು.

ಇದೆಲ್ಲ ಹೊರಗಿನಿಂದ ಬಂದದ್ದು ಅನ್ನೋರಿಗೆ ಒಂದೇ ಮಾತು. ಎಲ್ಲಮ್ಮನ ಜೋಗತಿ ಪರಂಪರೆ ಯಾವ ದೇಶದಿಂದಲೂ ಇಂಪೋರ್ಟ್ ಆದದ್ದಲ್ಲ. ಆ ಪರಂಪರೆಯ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿ ಅಧ್ಯಕ್ಷೆ ಆದ್ರು, 2021ರಲ್ಲಿ ಪದ್ಮಶ್ರೀ ಪಡೆದ್ರು. ಅದೇ ವರ್ಷ ಕರ್ನಾಟಕ ಸರ್ಕಾರಿ ನೇಮಕಾತಿಯಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಶೇ. 1ರ ಮೀಸಲಾತಿ ತಂತು. ಹೊರಗಿನಿಂದ ಬಂದದ್ದು ಅಂತ ಹೇಳೋದಾದ್ರೆ ಅದು ಸೆಕ್ಷನ್ 377.

ಎರಡು ಆಕ್ಷೇಪಣೆಗಳು

'ಅವರ ಕೆಲಸ ಓದಿದ್ರೆ ಸಾಕು, ವೈಯಕ್ತಿಕ ವಿಷಯ ಯಾಕೆ?' ಕೇಳೋಕೆ ಸರಿಯಾಗಿದೆ. ಆದರೆ ರಾಮಾನುಜನ್ ಬಗ್ಗೆ ಹೇಳುವಾಗ ಅವರ ಬಡತನ, ತಾಯಿ, ಹೆಂಡತಿ, ಇಂಗ್ಲೆಂಡ್‌ನ ಚಳಿ ಎಲ್ಲ ಹೇಳ್ತೀವಿ. ಕ್ಯೂರಿ ದಂಪತಿ ಅಂತಲೇ ಕರೀತೀವಿ. ವೈಯಕ್ತಿಕ ವಿಷಯ ಬೇಡ ಅನ್ನೋ ನಿಯಮ ಕೆಲವರಿಗೆ ಮಾತ್ರ ಯಾಕೆ ಅನ್ವಯ ಆಗುತ್ತೆ? ಅದೂ ಅಲ್ಲದೆ ಟ್ಯೂರಿಂಗ್, ಕಾನ್ವೇ ವಿಷಯದಲ್ಲಿ ಅವರ ಕೆಲಸ ನಿಂತದ್ದೇ ಆ 'ವೈಯಕ್ತಿಕ' ಕಾರಣದಿಂದ. ಅದನ್ನ ಬಿಟ್ಟು ಅವರ ಕೆಲಸದ ಕಥೆ ಹೇಳೋಕೇ ಆಗಲ್ಲ.

'ಸತ್ತುಹೋದವರಿಗೆ ಈಗ ಲೇಬಲ್ ಹಚ್ಚೋದು ಸರಿನಾ?' ಇದು ಗಟ್ಟಿ ಪ್ರಶ್ನೆ. ಅಮೆರಿಕದ ಮೊದಲ ಮಹಿಳಾ ಗಗನಯಾತ್ರಿ ಸ್ಯಾಲಿ ರೈಡ್ 1983ರಲ್ಲಿ ಬಾಹ್ಯಾಕಾಶಕ್ಕೆ ಹೋದ್ರು. 2012ರಲ್ಲಿ ಅವರು ತೀರಿಕೊಂಡಾಗ ಪ್ರಕಟವಾದ ನಿಧನ ವಾರ್ತೆಯಲ್ಲಿ, ಟ್ಯಾಮ್ ಓ'ಶಾನೆಸಿ ಅನ್ನೋ ಮಹಿಳೆ ಅವರ 27 ವರ್ಷಗಳ ಸಂಗಾತಿ ಅಂತ ಜಗತ್ತಿಗೆ ಗೊತ್ತಾಯ್ತು. ಬದುಕಿದ್ದಾಗ ಹೇಳದೇ ಇರೋದು ಅವರ ಹಕ್ಕಾಗಿತ್ತು. ಹಾಗಾಗಿ ಇತಿಹಾಸ ಮಾಸ ಅಂದ್ರೆ ಊಹೆ ಮಾಡಿ ಹೆಸರಿನ ಪಟ್ಟಿ ತಯಾರಿಸೋದಲ್ಲ. ಸಾಕ್ಷ್ಯ ಇದ್ರೆ ಹೇಳಬೇಕು, ಇಲ್ಲ ಅಂದ್ರೆ ಸುಮ್ಮನಿರಬೇಕು. ಬದುಕಿರೋರ ವಿಷಯ ಬಂದಾಗಂತೂ ಹೇಳೋದು ಬಿಡೋದು ಅವರಿಗೇ ಬಿಟ್ಟದ್ದು. ಪಕ್ಕದ ಬೆಂಚಿನವರ ಬಗ್ಗೆ ಗುಸುಗುಸು ಮಾಡೋದು ಇತಿಹಾಸದ ಅಧ್ಯಯನ ಅಲ್ಲ.

ನೆನಪಿಡಬೇಕಾದದ್ದು

1. ಎಲ್‌ಜಿಬಿಟಿ ಇತಿಹಾಸ ಮಾಸವನ್ನ ಅಮೆರಿಕದಲ್ಲೂ ಬ್ರಿಟನ್‌ನಲ್ಲೂ ಶುರು ಮಾಡಿದ್ದು ಶಿಕ್ಷಕರು. ಅವರು ಕೇಳಿದ್ದು ಪಾಠದಲ್ಲಿ ಜಾಗ.
2. ತಿಂಗಳು ಬೇರೆ ಬೇರೆ ಇರೋದಕ್ಕೆ ಆಯಾ ಜಾಗದ ಅನುಭವ ಬೇರೆ ಬೇರೆ ಇರೋದೂ ಒಂದು ಕಾರಣ. ಒಂದು ಕಡೆ ಮೌನ, ಒಂದು ಕಡೆ ಭಯ, ಒಂದು ಕಡೆ ಬೆಂಕಿ.
3. ದಾಖಲೆ ಇಲ್ಲ ಅನ್ನೋದು ಅನ್ಯಾಯ ಆಗಿಲ್ಲ ಅನ್ನೋದಕ್ಕೆ ಪುರಾವೆ ಅಲ್ಲ. ಹಲವು ಸಲ ಅದೇ ಅನ್ಯಾಯದ ಪುರಾವೆ.

ಯೋಚಿಸೋಕೆ ಮೂರು ಪ್ರಶ್ನೆಗಳು

1. ನಿಮ್ಮ ಬ್ರಾಂಚ್‌ನ ಯಾವುದಾದ್ರೂ ಒಂದು ಥಿಯರಂ ಅಥವಾ ಡಿವೈಸ್ ತಗೊಳ್ಳಿ. ಅದರ ಹಿಂದಿನ ವ್ಯಕ್ತಿಯ ಬದುಕಿನ ಬಗ್ಗೆ ಪಠ್ಯ ಏನು ಹೇಳುತ್ತೆ, ಏನು ಬಿಡುತ್ತೆ?
2. ನಮ್ಮ ಕಾಲೇಜಿನ ದೂರು ಪೆಟ್ಟಿಗೆ ಖಾಲಿ ಇದ್ರೆ ಅದರಿಂದ ಎಷ್ಟು ತೀರ್ಮಾನ ಮಾಡಬಹುದು, ಎಷ್ಟು ಮಾಡೋಕಾಗಲ್ಲ?
3. ಕಾನ್ವೇ ತಮ್ಮ ಹಳೇ ಕಾಗದಗಳನ್ನ ಎಸೆದುಬಿಟ್ಟಿದ್ದಿದ್ರೆ ಏನಾಗ್ತಿತ್ತು?

ಟೆಕ್ನಿಕಲ್ ಸೆಮಿನಾರ್‌ಗೆ ಟಾಪಿಕ್ ಹುಡುಕ್ತಾ ಇರೋ ಸೀನಿಯರ್‌ಗಳಿಗೆ ಒಂದು ಸಲಹೆ. ಔಟ್ ಆಫ್ ಆರ್ಡರ್ ಪ್ರೊಸೆಸಿಂಗ್ ಬಗ್ಗೆ ಮಾತಾಡೋದಿದ್ರೆ ಒಂದು ಸ್ಲೈಡ್ ಕಾನ್ವೇಗೆ ಕೊಡಿ. 1968ರಲ್ಲಿ ಏನಾಯ್ತು ಅಂತ ಎರಡು ಸಾಲು ಸೇರಿಸಿ. ನಿಮ್ಮ ಎದುರು ಕೂತಿರೋ ಅರವತ್ತು ಜನರಲ್ಲಿ ಆ ಎರಡು ಸಾಲು ಯಾರಿಗೆ ಬೇಕಾಗಿತ್ತು ಅಂತ ನಿಮಗೆ ಗೊತ್ತಾಗದೇ ಇರಬಹುದು. ಅವರಿಗೆ ಗೊತ್ತಾದ್ರೆ ಸಾಕು.